ಹವಳದ ನಾಡಿನ ದಿನಚರಿ

ಆಸ್ಟ್ರೇಲಿಯ ಖಂಡದ ಭೂಪಟವನ್ನು ತೆರೆದು ಅದರ ಈಶಾನ್ಯದ ಕರಾವಳಿಯನ್ನು ನೋಡಿದರೆ, ನೆಲದಂಚಿನಿಂದ ತುಸು ದೂರದಲ್ಲಿ, ಕಡಲಿನ ನೀಲಿಯ ನಡುವೆ ಚುಕ್ಕೆಗಳ ಉದ್ದವಾದ ಸಾಲೊಂದು ಕಂಡುಬರುವುದು. ಕ್ವೀನ್ಸ್‌ಲೆಂಡ್ ಪ್ರಾಂತದ ತೀರವನ್ನು ಅನುಸರಿಸಿ ಸುಮಾರು ೨,೩೦೦ ಕಿಲೋಮೀಟರುಗಳ ಉದ್ದಕ್ಕೆ ಹಬ್ಬಿರುವ ಈ ಸಾಲನ್ನು ಇಂಗ್ಲಿಷರು ‘ಗ್ರೇಟ್ ಬ್ಯಾರಿಯರ್ ರೀಫ್’ ಎಂದು ಕರೆದರು. ನಾವು ಇದನ್ನು ಹವಳದ ಮಹಾದಿಬ್ಬ ಎನ್ನಬಹುದು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋಗುವವರು ಎಷ್ಟು ದೂರವನ್ನು ಕ್ರಮಿಸುವರೋ ಹೆಚ್ಚು ಕಡಿಮೆ ಅಷ್ಟು ದೂರ ಈ ದಿಬ್ಬವು ಕಡಲಿನೊಳಗೆ ಚಾಚಿಕೊಂಡಿದೆ. ಹೆಸರನ್ನು ಮಾತ್ರ ಕೇಳಿದವರು ಇದೊಂದು ಅಖಂಡವಾದ ಗೋಡೆಯೆಂದು ಭಾವಿಸುವುದುಂಟು. ನಿಜವು ಹಾಗಿಲ್ಲ. ಚಿಕ್ಕವೂ ದೊಡ್ಡವೂ ಆದ ಸುಮಾರು ೩,೦೦೦ ದಿಬ್ಬಗಳು, ನಡುನಡುವೆ ನೀರಿನ ಹಾದಿಗಳನ್ನು ಬಿಟ್ಟುಕೊಂಡು, ಒಂದರ ಬಳಿಕ ಒಂದು ನಿಂತಿವೆ. ೧೭೭೦ನೆಯ ಇಸವಿಯ ಜೂನ್ ತಿಂಗಳಿನ ಒಂದು ರಾತ್ರಿ ಕ್ಯಾಪ್ಟನ್ ಕುಕ್ಕನ ‘ಎಂಡೆವರ್’ ಹಡಗು ಇವುಗಳಲ್ಲೊಂದರ ಮೇಲೇರಿ ಕುಳಿತುಬಿಟ್ಟಿತು. ಫಿರಂಗಿಗಳನ್ನು ನೀರಿಗೆಸೆದು, ಹಡಗನ್ನು ಹಗುರಮಾಡಿ, ನಾವಿಕರು ಜೀವವನ್ನುಳಿಸಿಕೊಂಡರು. ಐರೋಪ್ಯರಲ್ಲಿ ಈ ದಿಬ್ಬದ ಹೆಸರು ಹಬ್ಬಿದುದು ಇಂಥ ಅಪಾಯದಿಂದ. ಆದರೆ ಆ ತೀರದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿ ಮೀನು ಹಿಡಿಯುತ್ತ, ಆ ಕಡಲನ್ನು ತಮ್ಮ ನಾಡಿನ ಭಾಗವೆಂದೇ ತಿಳಿದಿದ್ದರು.

ಈ ದಿಬ್ಬವನ್ನು ನೋಡಬಯಸುವವನು ಟೌನ್ಸ್‌ವಿಲ್ ಪಟ್ಟಣದ ರೇವಿನಿಂದ ಹೊರಡಬಹುದು. ಮೊದಲು ಮ್ಯಾಗ್ನೆಟಿಕ್ ದ್ವೀಪದ ಹೆಬ್ಬಂಡೆಗಳು ಹಿಂದಾಗುವುವು. ಅನಂತರ ನೆಲದ ಗುಡ್ಡಗಳು ಮಸುಕಾಗಿ, ಸುತ್ತಲೂ ನೀರಲ್ಲದೆ ಬೇರೇನೂ ಇಲ್ಲವೆಂಬಂತಾಗುವುದು. ಇನ್ನೂ ಮುಂದೆ ಸಾಗಿದ ಮೇಲೆ ಕಡಲಿನ ಬಣ್ಣವು ಒಮ್ಮೆಗೇ ಬದಲಾಗುವುದು. ಕಡುನೀಲಿಯೊಳಗೆ ನವಿಲುಗರಿಯ ಹಸಿರು, ಆ ಹಸಿರಿನೊಳಗೆ ಎಳೆಹಳದಿಯ ತೇಪೆಗಳು ಮೂಡುವುವು. ದಿಬ್ಬದ ಹೊರಮೈಗೆ ಸಾಗರದ ಅಲೆಗಳು ಬಡಿದು ಬಿಳಿಯ ನೊರೆಯ ಗೆರೆಯನ್ನೆಳೆದಿರುವುವು. ಒಳಭಾಗದ ನೀರಾದರೋ ನಮ್ಮೂರ ಕೆರೆಯಂತೆ ಸುಮ್ಮನಿರುವುದು.

ಕಣ್ಣಿಗೆ ಗಾಜಿನ ಮುಖವಾಡವನ್ನು ಧರಿಸಿ ಆ ನೀರಿನಲ್ಲಿ ತಲೆಯನ್ನು ತಗ್ಗಿಸಿದವನಿಗೆ ಬೇರೊಂದು ಲೋಕವೇ ತೆರೆದುಕೊಳ್ಳುವುದು. ಜಿಂಕೆಯ ಕೊಂಬುಗಳಂತೆ ಕವಲೊಡೆದ ಹವಳ, ಮೇಜಿನಂತೆ ಅಗಲವಾಗಿ ಚಾಚಿದ ಹವಳ, ಅಕ್ರೋಡಿನ ತಿರುಳಿನಂತೆ ಸುಕ್ಕುಸುಕ್ಕಾದ ಗುಂಡು ಹವಳ, ಇವೆಲ್ಲ ಒಂದನ್ನೊಂದು ಒತ್ತಿಕೊಂಡು ಬೆಳೆದಿರುವುವು. ಗಿಳಿಮೀನುಗಳು ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ‘ಕಟಕಟ’ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳಿಸುವುದು. ಈ ಮಹಾದಿಬ್ಬದಲ್ಲಿ ಗಟ್ಟಿ ಹವಳದ ಜಾತಿಗಳೇ ೪೦೦ಕ್ಕೂ ಮಿಕ್ಕಿವೆ. ಮೀನಿನ ಜಾತಿಗಳು ೧,೫೦೦ಕ್ಕೂ ಹೆಚ್ಚು.

ಹವಳವೆಂದರೆ ಕಲ್ಲೆಂದೂ ಗಿಡವೆಂದೂ ತಿಳಿಯುವವರಿದ್ದಾರೆ. ಅದು ಪ್ರಾಣಿ. ಸಾಸಿವೆಯಿಂದ ಹಿಡಿದು ಕಡಲೆಯ ಗಾತ್ರದವರೆಗಿನ ಮೆದುವಾದ ಜೀವಿಗಳು ಸಾವಿರಗಟ್ಟಲೆ ಒಂದಾಗಿ ಸೇರಿ, ಕಡಲಿನ ನೀರಿನಿಂದ ಸುಣ್ಣವನ್ನು ಹೀರಿ, ತಮ್ಮ ಕೆಳಗೆ ಕಲ್ಲಿನ ಗೂಡನ್ನು ಕಟ್ಟಿಕೊಳ್ಳುತ್ತವೆ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಾಚಿಯು ವಾಸವಾಗಿದೆ. ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೆ ಪಾಲು ಕೊಡುವುದು; ಹವಳದ ಜೀವಿಯು ಅದಕ್ಕೆ ಆಶ್ರಯವನ್ನೀಯುವುದು. ಹವಳಕ್ಕೆ ಬಣ್ಣವು ಬಹುಮಟ್ಟಿಗೆ ಈ ಒಕ್ಕಲಿನಿಂದಲೇ ಬಂದುದು. ಬೇಸಗೆಯಲ್ಲಿ ಕಡಲಿನ ನೀರು ವಾಡಿಕೆಯ ಕಾವಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಈ ಸ್ನೇಹವು ಮುರಿಯುತ್ತದೆ. ಹವಳವು ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ನೀರು ಬೇಗನೆ ತಣಿದರೆ ಅದು ಚೇತರಿಸಿಕೊಳ್ಳಬಹುದು. ತಣಿಯದಿದ್ದರೆ ಹಸಿವಿನಿಂದ ಸಾಯುವುದು.

ಇಂಥ ಸ್ಥಳಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬಂದವನು ಅದರ ಚೆಲುವನ್ನು ವರ್ಣಿಸಬಲ್ಲನು. ಅದರ ಕುಶಲವನ್ನು ಹೇಳಲಾರನು. ಎಲ್ಲಿಯೋ ಮುರಿದ ಹವಳವನ್ನು ಕಂಡು ‘ಇದು ಅಳಿಯಿತು’ ಎಂದು ಒಬ್ಬನು ಮರುಗುವನು. ಬಣ್ಣದ ಮೀನುಗಳನ್ನು ಕಂಡು ‘ಇದಕ್ಕೇನೂ ಆಗಿಲ್ಲ’ ಎಂದು ಇನ್ನೊಬ್ಬನು ಹಿಗ್ಗುವನು. ಇಬ್ಬರ ಮಾತಿಗೂ ಆಧಾರವಿಲ್ಲ. ತಾನು ಮೊದಲು ಕಂಡುದನ್ನೇ ಆದಿಯಿಂದಲೂ ಇದ್ದ ಸ್ಥಿತಿಯೆಂದು ಎಣಿಸುವುದು ಮನುಷ್ಯನ ಸ್ವಭಾವ. ತಾತನು ಕಂಡ ಕಡಲು ಮೊಮ್ಮಗನಿಗೆ ಕಾಣದು; ಮೊಮ್ಮಗನಿಗೆ ಆ ನಷ್ಟದ ಅರಿವೂ ಇರದು. ಆದುದರಿಂದ ಹವಳದ ದಿಬ್ಬಕ್ಕೆ ಒಂದು ದಿನಚರಿ ಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಒಂದೇ ಕ್ರಮದಲ್ಲಿ ನೋಡಿ, ಕಂಡುದನ್ನು ಕಂಡ ಹಾಗೆ ಉಳಿಸಿಡುವವರು ಬೇಕು.

ಈ ಕೆಲಸಕ್ಕೆ ಹಳೆಯ ಬೇರುಗಳಿವೆ. ಕ್ವೀನ್ಸ್‌ಲೆಂಡಿನಲ್ಲಿ ಮೀನುಗಾರಿಕೆಯ ಅಧಿಕಾರಿಯಾಗಿದ್ದ ವಿಲಿಯಂ ಸ್ಯಾವಿಲ್-ಕೆಂಟ್ ಎಂಬ ವಿದ್ವಾಂಸನು ಇಳಿತದ ಹೊತ್ತಿನಲ್ಲಿ ನೀರಿನಿಂದ ಮೇಲೆದ್ದ ಹವಳಗಳ ಛಾಯಾಚಿತ್ರಗಳನ್ನು ತೆಗೆದು, ೧೮೯೩ರಲ್ಲಿ ದೊಡ್ಡದೊಂದು ಗ್ರಂಥದಲ್ಲಿ ಪ್ರಕಟಿಸಿದನು. ಅದೇ ವರ್ಷ ಫ್ರಾನ್ಸ್ ದೇಶದಲ್ಲಿ ಲೂಯಿ ಬೂತಾನ್ ಎಂಬಾತನು ನೀರಿನ ಕೆಳಗೆ ಛಾಯಾಚಿತ್ರ ತೆಗೆಯುವ ಸಾಹಸದಲ್ಲಿ ತೊಡಗಿದ್ದನು. ಸುಮಾರು ನೂರು ವರ್ಷಗಳ ಬಳಿಕ ವಿಜ್ಞಾನಿಗಳು ಹಳೆಯ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಹಿನ್ನೆಲೆಯ ಗುಡ್ಡಗಳ ಗುರುತಿನಿಂದ ಅದೇ ಜಾಗಗಳನ್ನು ಹುಡುಕಿ, ಹೊಸ ಚಿತ್ರಗಳನ್ನು ತೆಗೆದರು. ಬೋವೆನ್ ಪಟ್ಟಣದ ಹತ್ತಿರದ ಸ್ಟೋನ್ ದ್ವೀಪದಲ್ಲಿ ಹಿಂದೆ ಹವಳವು ಹಾಸಿದಂತಿದ್ದ ನೆಲವು ಬರಿದಾಗಿ ಕಂಡಿತು. ಬೇರೆ ಕೆಲವು ಜಾಗಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಎರಡು ಚಿತ್ರಗಳ ನಡುವೆ ನೂರು ವರ್ಷಗಳ ಮೌನವಿದ್ದರೆ, ಬದಲಾವಣೆಯು ಎಂದು ಆಯಿತು, ಏತರಿಂದ ಆಯಿತು ಎಂಬುದನ್ನು ಆ ಚಿತ್ರಗಳು ಹೇಳಲಾರವು.

ಈ ಮೌನವನ್ನು ತುಂಬಲು ಹಲವರು ಶ್ರಮಿಸಿದರು. ೧೯೨೮-೨೯ರಲ್ಲಿ ಚಾರ್ಲ್ಸ್ ಮಾರಿಸ್ ಯಂಗ್ ಎಂಬ ವಿಜ್ಞಾನಿಯ ಮುಂದಾಳ್ತನದಲ್ಲಿ ಬ್ರಿಟಿಷ್ ಶೋಧಕರ ತಂಡವೊಂದು ಪೋರ್ಟ್ ಡಗ್ಲಾಸಿನ ಎದುರಿಗಿರುವ ಲೋ ದ್ವೀಪಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನೆಲಸಿ, ಅಲ್ಲಿನ ಜೀವಿಗಳನ್ನು ಎಣಿಸಿ ನಕ್ಷೆಗಳನ್ನು ಬರೆಯಿತು. ೧೯೬೩ರಿಂದ ಜೋಸೆಫ್ ಕಾನೆಲ್ ಎಂಬ ಅಮೆರಿಕದ ವಿದ್ವಾಂಸನು ದಕ್ಷಿಣದ ಹೆರಾನ್ ದ್ವೀಪದಲ್ಲಿ ಒಂದೊಂದು ಮೀಟರಿನ ಚೌಕಗಳನ್ನು ಗುರುತಿಸಿ, ಸುಮಾರು ಮೂವತ್ತು ವರ್ಷ ಅವೇ ಚೌಕಗಳ ಚಿತ್ರಗಳನ್ನು ತೆಗೆಸುತ್ತ ಬಂದನು. ಒಂದೊಂದು ಹವಳವು ಹುಟ್ಟಿದುದು, ಬೆಳೆದುದು, ಬಿರುಗಾಳಿಗೆ ಮುರಿದುದು ಎಲ್ಲವೂ ಆ ಚಿತ್ರಗಳಲ್ಲಿ ದಾಖಲಾದುವು. ಆದರೆ ಇವೆಲ್ಲ ಒಂದೊಂದು ದ್ವೀಪದ ಕಥೆಗಳು. ಮಹಾದಿಬ್ಬದ ಉದ್ದಗಲಕ್ಕೂ ಸಲ್ಲುವ ದಿನಚರಿಯನ್ನು ಇನ್ನೂ ಯಾರೂ ಬರೆದಿರಲಿಲ್ಲ.

ಆ ಹೊಣೆಯನ್ನು ಹೊತ್ತುದು ಆಸ್ಟ್ರೇಲಿಯದ ಸರ್ಕಾರವು ೧೯೭೨ರಲ್ಲಿ ಸ್ಥಾಪಿಸಿದ ಕಡಲ ವಿಜ್ಞಾನ ಸಂಸ್ಥೆ. ಟೌನ್ಸ್‌ವಿಲ್ಲಿನ ಆಗ್ನೇಯಕ್ಕಿರುವ ಕೇಪ್ ಫರ್ಗುಸನ್ ಎಂಬ ಭೂಶಿರದಲ್ಲಿ ಅದರ ಮುಖ್ಯ ಕಾರ್ಯಾಲಯವಿದೆ; ಅದೇ ಹೆಸರಿನ ಹಡಗೊಂದು ಶೋಧಕರನ್ನು ದಿಬ್ಬದಿಂದ ದಿಬ್ಬಕ್ಕೆ ಕೊಂಡೊಯ್ಯುವುದು. ಈ ಕಾರ್ಯಕ್ಕೆ ಮೊದಲ ಪ್ರೇರಣೆ ಬಂದುದು ಒಂದು ಶತ್ರುವಿನಿಂದ. ಮುಳ್ಳುಕಿರೀಟದ ನಕ್ಷತ್ರಮೀನು ಎಂಬ ಪ್ರಾಣಿಯು ಹವಳದ ಮೇಲೆ ಹತ್ತಿ ಕುಳಿತು, ತನ್ನ ಹೊಟ್ಟೆಯನ್ನೇ ಹೊರಕ್ಕೆ ಚೆಲ್ಲಿ, ಜೀವಂತ ಹವಳವನ್ನು ಜೀರ್ಣಿಸಿಕೊಂಡು ಬರಿಯ ಬಿಳಿ ಕಲ್ಲನ್ನು ಬಿಟ್ಟುಹೋಗುವುದು. ಇವು ಕೆಲವೊಮ್ಮೆ ಮಿಡತೆಗಳಂತೆ ಲೆಕ್ಕವಿಲ್ಲದಷ್ಟು ಹೆಚ್ಚಿ ದಿಬ್ಬಗಳನ್ನೇ ಬರಿದುಮಾಡುವುವು. ಇವುಗಳ ಹಾವಳಿಯನ್ನು ತಿಳಿಯಲು ೧೯೮೫ರಲ್ಲಿ ಸಮೀಕ್ಷೆಯು ಆರಂಭವಾಯಿತು. ಹಲಗೆಯೊಂದನ್ನು ಹಿಡಿದ ಮುಳುಗುಗಾರನನ್ನು ಸಣ್ಣ ದೋಣಿಯು ದಿಬ್ಬದ ಸುತ್ತಲೂ ನಿಧಾನವಾಗಿ ಎಳೆದುಕೊಂಡು ಹೋಗುವುದು. ಎರಡೆರಡು ನಿಮಿಷಕ್ಕೊಮ್ಮೆ ದೋಣಿಯು ನಿಲ್ಲುವುದು. ಆತನು ತಾನು ಕಂಡ ಹವಳವೆಷ್ಟು, ನಕ್ಷತ್ರಮೀನುಗಳೆಷ್ಟು ಎಂದು ಹಲಗೆಯ ಮೇಲೆ ಗುರುತುಹಾಕುವನು. ಇದು ಹೊಲದ ಬದುವಿನ ಮೇಲೆ ನಡೆದು ಪೈರನ್ನು ಅಂದಾಜುಮಾಡಿದ ಹಾಗೆ. ವಿಸ್ತಾರವನ್ನು ತಿಳಿಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಆದರೆ ಯಾವ ತೆನೆ, ಯಾವ ಕಳೆ ಎಂಬುದನ್ನು ಅರಿಯಬೇಕಾದರೆ ಹೊಲಕ್ಕೆ ಇಳಿಯಲೇಬೇಕು.

ಹಾಗೆ ಇಳಿದು ನೋಡುವ ಏರ್ಪಾಡು ೧೯೯೦ರ ದಶಕದ ಆರಂಭದಲ್ಲಿ ವಿಡಿಯೋ ಕ್ಯಾಮರಾದ ಸಹಾಯದಿಂದ ನೆಲೆಗೊಂಡಿತು. ಅದರ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆರಿಸಿದ ದಿಬ್ಬದ ಈಶಾನ್ಯದ ಇಳಿಜಾರಿನಲ್ಲಿ, ೬ರಿಂದ ೯ ಮೀಟರುಗಳ ಆಳದಲ್ಲಿ, ಮೂರು ನಿವೇಶನಗಳಿರುವುವು. ಒಂದೊಂದರಲ್ಲಿಯೂ ೫೦ ಮೀಟರು ಉದ್ದದ ಐದು ಪಟ್ಟಿಗಳು. ಪಟ್ಟಿಯ ತುದಿಯಲ್ಲಿ ಕಬ್ಬಿಣದ ಗೂಟವನ್ನು ನೆಟ್ಟು, ಹತ್ತು ಹತ್ತು ಮೀಟರಿಗೊಂದರಂತೆ ಸಣ್ಣ ಸಲಾಕೆಗಳನ್ನು ಹೊಡೆದಿರುತ್ತಾರೆ. ಹೊಲದ ಗಡಿಕಲ್ಲಿನಂತೆ ಈ ಗೂಟಗಳೇ ದಿನಚರಿಗೆ ಆಧಾರ. ಮುಂದಿನ ಸಲ ಬಂದವರು ಬೇರೆಯವರೇ ಆಗಿದ್ದರೂ, ಗೂಟವು ಅದೇ ಜಾಗಕ್ಕೆ ಅವರನ್ನು ಕರೆದೊಯ್ಯುವುದು.

ಮೊದಲು ಮೀನುಗಳನ್ನು ಎಣಿಸುವವನು ಮುಂದೆ ಹೋಗುವನು. ಗದ್ದಲವಾದ ಮೇಲೆ ಮೀನುಗಳು ನಿಲ್ಲುವುದಿಲ್ಲವಷ್ಟೆ. ಅವನ ಹಿಂದೆ ಅಳತೆಯ ಪಟ್ಟಿಯನ್ನು ಹಾಸುತ್ತ ಬರುವರು. ಆಮೇಲೆ ಕ್ಯಾಮರಾವನ್ನು ಹಿಡಿದವನ ಸರದಿ. ಆತನು ಅದನ್ನು ತಳದಿಂದ ಒಂದು ಮೊಳದೊಳಗಿನ ಎತ್ತರದಲ್ಲಿ ನೇರವಾಗಿ ಕೆಳಮುಖವಾಗಿ ಹಿಡಿದು, ಪಟ್ಟಿಯ ಪಕ್ಕದಲ್ಲಿಯೇ ಒಂದೇ ವೇಗದಿಂದ ಈಜುತ್ತ ಸಾಗುವನು. ಪಕ್ಕದಲ್ಲಿ ಆಮೆಯು ಸುಳಿದರೂ ಅವನು ಕ್ಯಾಮರಾವನ್ನು ಅತ್ತ ತಿರುಗಿಸುವಂತಿಲ್ಲ. ಚೆಲುವನ್ನು ಹುಡುಕುವುದು ಅವನ ಕೆಲಸವಲ್ಲ. ಬೋಳುಕಲ್ಲು ಬಂದರೆ ಬೋಳುಕಲ್ಲು, ಮರಳು ಬಂದರೆ ಮರಳು. ಹೀಗೆ ತೆಗೆದ ಚಿತ್ರವನ್ನು ಮನರಂಜನೆಗಾಗಿ ನೋಡಲು ಯಾರಿಂದಲೂ ಆಗದು. ಆದರೆ ಅದರ ಬೆಲೆಯಿರುವುದು ಈ ನೀರಸತೆಯಲ್ಲಿಯೇ. ಚೆಲುವಾದುದನ್ನು ಮಾತ್ರ ಆರಿಸಿದ ಚಿತ್ರವು ಆರಿಸಿದವನ ಮನಸ್ಸನ್ನು ತೋರುವುದು. ಏನನ್ನೂ ಆರಿಸದ ಚಿತ್ರವು ದಿಬ್ಬವನ್ನು ತೋರುವುದು.

ದಡಕ್ಕೆ ಬಂದ ಮೇಲೆ ಎಣಿಕೆಯ ಕೆಲಸ ಮೊದಲಾಗುವುದು. ಪ್ರತಿಯೊಂದು ಪಟ್ಟಿಯ ಚಿತ್ರವನ್ನೂ ನಲವತ್ತು ಕಡೆ ನಿಲ್ಲಿಸಿ, ಪರದೆಯ ಮೇಲೆ ಮೊದಲೇ ಗುರುತಿಸಿದ ಐದು ಬಿಂದುಗಳ ಅಡಿಯಲ್ಲಿ ಏನಿದೆಯೆಂದು ಬರೆಯುತ್ತಾರೆ. ಕವಲು ಹವಳವೇ, ಗುಂಡು ಹವಳವೇ, ಮೆದು ಹವಳವೇ, ಪಾಚಿಯೇ, ಮರಳೇ? ಹೀಗೆ ಒಂದು ಪಟ್ಟಿಗೆ ೨೦೦ ಬಿಂದುಗಳು. ಒಂದು ದಿಬ್ಬದ ಹದಿನೈದು ಪಟ್ಟಿಗಳಿಗೆ ೩,೦೦೦. ೨೦೦ರಲ್ಲಿ ೬೦ ಬಿಂದುಗಳು ಜೀವಂತವಾದ ಗಟ್ಟಿ ಹವಳದ ಮೇಲೆ ಬಿದ್ದಿದ್ದರೆ, ಆ ಪಟ್ಟಿಯಲ್ಲಿ ನೂರಕ್ಕೆ ೩೦ ಪಾಲು ಹವಳದ ಹೊದಿಕೆಯಿದೆಯೆಂದು ಲೆಕ್ಕ. ಮುಂದೆ ೨೦೦೦ದ ದಶಕದ ನಡುವಿನಲ್ಲಿ ಓಡುವ ವಿಡಿಯೋವಿನ ಬದಲು ಮೀಟರಿಗೊಂದರಂತೆ ನಿಶ್ಚಲ ಚಿತ್ರಗಳನ್ನು ತೆಗೆಯುವ ಪದ್ಧತಿ ಬಂದಿತು. ಈಗೀಗ ಬಿಂದುಗಳ ಕೆಳಗಿರುವುದನ್ನು ಗುರುತಿಸಲು ಗಣಕಯಂತ್ರಗಳಿಗೂ ಕಲಿಸುತ್ತಿದ್ದಾರೆ. ಉಪಕರಣವು ಬದಲಾದರೂ ಪಟ್ಟಿ ಬದಲಾಗಲಿಲ್ಲ, ಬಿಂದುಗಳ ಕ್ರಮವೂ ಬದಲಾಗಲಿಲ್ಲ. ಇಲ್ಲದಿದ್ದರೆ ಹಿಂದಿನ ವರ್ಷದೊಡನೆ ಈ ವರ್ಷವನ್ನು ಹೋಲಿಸುವುದು ಸೇರನ್ನು ಮೊಳದೊಡನೆ ಹೋಲಿಸಿದಂತಾಗುತ್ತಿತ್ತು.

ಮನುಷ್ಯನನ್ನು ಕಂಡರೆ ಮರೆಯಾಗುವ ಮೀನುಗಳಿಗಾಗಿ ಬೇರೊಂದು ಉಪಾಯವಿದೆ. ಚೌಕಟ್ಟಿಗೆ ಬಿಗಿದ ಕ್ಯಾಮರಾದ ಮುಂದೆ ಉದ್ದವಾದ ಕೋಲನ್ನು ಚಾಚಿ, ಅದರ ತುದಿಗೆ ಜಜ್ಜಿದ ಮೀನಿನ ಚೀಲವನ್ನು ಕಟ್ಟಿ, ಕಡಲಿನ ತಳಕ್ಕೆ ಇಳಿಸಿಬಿಡುವರು. ಸುಮಾರು ಒಂದು ಗಂಟೆಯ ಹೊತ್ತು ಕ್ಯಾಮರಾವು ತಾನೊಂದೇ ನೋಡುತ್ತಿರುವುದು. ವಾಸನೆಗೆ ಬಂದ ಮೀನುಗಳು ಬಂದು ಹೋಗಿ ಮತ್ತೆ ಬರುವುವು. ಒಂದೇ ಮೀನನ್ನು ಎರಡು ಸಲ ಎಣಿಸುವ ತಪ್ಪಾಗಬಾರದೆಂದು, ಒಂದು ಜಾತಿಯ ಎಷ್ಟು ಮೀನುಗಳು ಏಕಕಾಲದಲ್ಲಿ ಪರದೆಯ ಮೇಲೆ ಕಂಡುವೋ ಆ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ಚಿತ್ರಗಳಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ. ಮುಳುಗುಗಾರನು ಹಲಗೆಯ ಮೇಲೆ ಬರೆದ ಅಂಕಿಯನ್ನು ಮತ್ತೆ ಪರೀಕ್ಷಿಸಲಾಗದು. ಅವನು ಕಂಡುದು ಅವನ ಕಣ್ಣಿನೊಡನೆಯೇ ಹೋಯಿತು. ಚಿತ್ರವಾದರೋ ಹಾಗೆಯೇ ಉಳಿದಿರುವುದು. ಒಬ್ಬನು ಗುರುತಿಸಿದುದನ್ನು ಇನ್ನೊಬ್ಬನು ತಿದ್ದಬಹುದು. ಅಂದು ಯಾರಿಗೂ ಹೊಳೆಯದ ಪ್ರಶ್ನೆಯೊಂದನ್ನು ಇಪ್ಪತ್ತು ವರ್ಷಗಳ ಬಳಿಕ ಹುಟ್ಟಿದ ವಿದ್ಯಾರ್ಥಿಯು ಅದೇ ಚಿತ್ರಕ್ಕೆ ಕೇಳಬಹುದು.

ಹಾಗಾದರೆ ಇಷ್ಟು ವರ್ಷಗಳ ದಿನಚರಿಯು ಏನನ್ನು ಹೇಳುತ್ತದೆ? ಮೊದಲು ಅದರ ವಿಸ್ತಾರವಾದ ಭಾಗವನ್ನು, ಎಂದರೆ ದೋಣಿಯ ಹಿಂದಿನ ಸಮೀಕ್ಷೆಯನ್ನು ನೋಡೋಣ. ೧೯೮೫ರಿಂದ ೨೦೧೨ರ ವರೆಗೆ ೨೧೪ ದಿಬ್ಬಗಳನ್ನು ನೋಡಿ ಮಾಡಿದ ಲೆಕ್ಕದಲ್ಲಿ ಹವಳದ ಹೊದಿಕೆಯು ನೂರಕ್ಕೆ ೨೮ರಿಂದ ೧೩.೮ಕ್ಕೆ ಇಳಿದಿದ್ದಿತು. ಆ ನಷ್ಟದಲ್ಲಿ ಚಂಡಮಾರುತಗಳ ಪಾಲು ೪೮, ನಕ್ಷತ್ರಮೀನುಗಳ ಪಾಲು ೪೨, ಕಾವಿನಿಂದಾದ ಬಿಳಿಚುವಿಕೆಯ ಪಾಲು ೧೦ ಎಂದು ವಿಜ್ಞಾನಿಗಳು ಎಣಿಸಿದರು. ಇದನ್ನು ಓದಿದವರು ದಿಬ್ಬದ ಆಸೆಯನ್ನೇ ಬಿಟ್ಟರು. ಆದರೆ ೨೦೨೨ರ ವರದಿಯಲ್ಲಿ ಉತ್ತರ ಭಾಗದ ಹೊದಿಕೆಯು ೩೬ಕ್ಕೂ ಮಧ್ಯಭಾಗದ್ದು ೩೩ಕ್ಕೂ ಏರಿತ್ತು. ಸಮೀಕ್ಷೆಯು ಆರಂಭವಾದಂದಿನಿಂದ ಅಷ್ಟು ಹೆಚ್ಚು ಹವಳವನ್ನು ಆ ಭಾಗಗಳಲ್ಲಿ ಕಂಡಿರಲಿಲ್ಲ. ಇದನ್ನು ಓದಿದವರು ಇನ್ನು ಚಿಂತೆಯಿಲ್ಲವೆಂದರು. ೨೦೨೪ರ ಬೇಸಗೆಯ ಕಾವಿನ ಬಳಿಕ, ೨೦೨೫ರ ವರದಿಯು ಒಂದೇ ವರ್ಷದಲ್ಲಿ ಉತ್ತರದಲ್ಲಿ ೩೯.೮ರಿಂದ ೩೦ಕ್ಕೆ, ಮಧ್ಯದಲ್ಲಿ ೩೩.೨ರಿಂದ ೨೮.೬ಕ್ಕೆ, ದಕ್ಷಿಣದಲ್ಲಿ ೩೮.೯ರಿಂದ ೨೬.೯ಕ್ಕೆ ಇಳಿತವಾದುದನ್ನು ಹೇಳಿತು. ಮೂರು ಪುಟಗಳಲ್ಲಿ ಯಾವ ಒಂದನ್ನು ಓದಿ ನಿಲ್ಲಿಸಿದರೂ ಅರ್ಥವು ಕೆಡುವುದು.

ಏರಿಳಿತವು ಇಷ್ಟು ತೀವ್ರವಾಗಲು ಕಾರಣವೇನೆಂಬುದನ್ನು ಹೇಳುವುದು ಹತ್ತಿರದಿಂದ ತೆಗೆದ ಚಿತ್ರಗಳು. ಬೇಗನೆ ಬೆಳೆದು ನೆಲವನ್ನು ತುಂಬಿದುದು ಹೆಚ್ಚಾಗಿ ಕವಲು ಹವಳ ಮತ್ತು ಮೇಜು ಹವಳ. ಇವು ಬಾಳೆಯ ತೋಟವಿದ್ದಂತೆ. ಬೆಳವಣಿಗೆಯೂ ಬೇಗ, ಬೀಳುವುದೂ ಬೇಗ. ಬಿರುಗಾಳಿಗೆ ಮೊದಲು ಮುರಿಯುವುದು ಇದೇ, ನಕ್ಷತ್ರಮೀನಿಗೆ ಬಲು ರುಚಿಯಾದುದು ಇದೇ, ಕಾವಿಗೆ ಬೇಗ ಸಾಯುವುದೂ ಇದೇ. ಗುಂಡು ಹವಳವು ತೆಂಗಿನಂತೆ, ನಿಧಾನವಾಗಿ ಬೆಳೆದು ಬಹುಕಾಲ ನಿಲ್ಲುವಂಥದು. ನೂರಕ್ಕೆ ೩೦ ಎಂಬ ಅಂಕಿಯು ಎರಡು ದಿಬ್ಬಗಳಲ್ಲಿಯೂ ಒಂದೇ ಆಗಿರಬಹುದು. ಆದರೆ ಬಾಳೆಯ ತೋಟಕ್ಕೂ ತೆಂಗಿನ ತೋಟಕ್ಕೂ ಇರುವ ಅಂತರವು ಅವುಗಳ ನಡುವೆ ಇರಬಹುದು.

ಪೆಟ್ಟು ಬೀಳುವುದು ಹವಳಕ್ಕೆ ಹೊಸದಲ್ಲ. ಚಂಡಮಾರುತಗಳನ್ನು ಅದು ಯುಗಯುಗಗಳಿಂದ ತಾಳಿಕೊಂಡು ಬಂದಿದೆ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಹತ್ತು ಹದಿನೈದು ವರ್ಷಗಳ ಬಿಡುವಿದ್ದರೆ ಅದು ಮತ್ತೆ ತಲೆಯೆತ್ತುವುದು. ಮಹಾದಿಬ್ಬದಲ್ಲಿ ೨೦೨೪ರ ವರೆಗೆ ಬಿಳಿಚುವಿಕೆಯು ವಿಶಾಲವಾಗಿ ಹಬ್ಬಿದ ವರ್ಷಗಳನ್ನು ಸಾಲಾಗಿ ಬರೆದು ನೋಡಿದರೆ ವಿಷಯವು ತಾನೇ ಸ್ಪಷ್ಟವಾಗುವುದು: ೧೯೯೮, ೨೦೦೨, ೨೦೧೬, ೨೦೧೭, ೨೦೨೦, ೨೦೨೨, ೨೦೨೪. ಹವಳಕ್ಕೆ ಬೆಳೆಯುವ ಶಕ್ತಿಯು ಉಡುಗಿಲ್ಲ, ಬೆಳೆಯಲು ಸಿಗುವ ಕಾಲವು ಉಡುಗುತ್ತಿದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಕಾದ ಕಡಲು ಆ ಬಿಡುವನ್ನು ಕಸಿದುಕೊಳ್ಳುತ್ತಿದೆ.

ಇದು ದೂರದ ಒಂದು ಖಂಡದ ಸಂಗತಿ ಮಾತ್ರವೆಂದು ವಾಚಕರು ತಿಳಿಯಬಾರದು. ನಮ್ಮ ಅರಬ್ಬಿ ಕಡಲಿನ ಲಕ್ಷದ್ವೀಪಗಳು ನಿಂತಿರುವುದೂ ಹವಳದ ಮೇಲೆಯೇ. ಅವುಗಳಲ್ಲಿ ಅಮೀನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು ೧೯೫೬ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, ಮಂಗಳೂರಿನಿಂದ ಆಳಲ್ಪಡುತ್ತಿದ್ದುವು. ಮೈಸೂರಿನಲ್ಲಿ ನೆಲೆಯಿರುವ ‘ನೇಚರ್ ಕನ್ಸರ್ವೇಷನ್ ಫೌಂಡೇಷನ್’ ಎಂಬ ಸಂಸ್ಥೆಯ ಶೋಧಕರು ೧೯೯೮ರ ಮಹಾಕಾವಿನ ಕಾಲದಿಂದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಹವಳವನ್ನು ಮತ್ತೆ ಮತ್ತೆ ಹೋಗಿ ನೋಡುತ್ತ ಬಂದಿದ್ದಾರೆ. ಇಪ್ಪತ್ತನಾಲ್ಕು ವರ್ಷಗಳ ಅವರ ಲೆಕ್ಕದಲ್ಲಿ ಹವಳದ ಹೊದಿಕೆಯು ನೂರಕ್ಕೆ ಸುಮಾರು ೩೭ರಿಂದ ೨೦ರ ಆಸುಪಾಸಿಗೆ ಇಳಿದಿದೆ. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತನ್ನು ಆ ಲೆಕ್ಕವು ತಿಳಿಸಿತು. ಕಾವಿನ ಪೆಟ್ಟಿಲ್ಲದೆ ಸುಮಾರು ಆರು ವರ್ಷ ಕಳೆದರೆ ಮಾತ್ರ ಹವಳದ ಚೇತರಿಕೆಯು ವೇಗವನ್ನು ಪಡೆಯುವುದಂತೆ. ಒಂದೆರಡು ವರ್ಷ ನೋಡಿ ಬಂದವರಿಗೆ ಈ ಆರರ ಲೆಕ್ಕವು ಎಂದಿಗೂ ಸಿಗುತ್ತಿರಲಿಲ್ಲ. ಲಕ್ಷದ್ವೀಪದ ಜನರಿಗೆ ಇದು ವಿದ್ವಾಂಸರ ಚರ್ಚೆಯಲ್ಲ. ಅಲೆಯನ್ನು ತಡೆದು ಅವರ ಮನೆಯಂಗಳವನ್ನು ಕಾಯುತ್ತಿರುವ ಗೋಡೆಯು ಇದೇ ಹವಳ.

ನಮ್ಮ ಉತ್ತರ ಕನ್ನಡದ ಮುರುಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿಯೂ ಹವಳವುಂಟು. ಅಲ್ಲಿ ಮುಳುಗಿ ನೋಡಲು ಪ್ರವಾಸಿಗಳು ಹೋಗುವುದುಂಟು, ಹಲವರು ಕ್ಯಾಮರಾವನ್ನೂ ಒಯ್ಯುವರು. ಅಲ್ಲಿಗೆ ಹೋಗುವ ತರುಣರು ಮೀನಿನ ಚೆಲುವನ್ನು ಸೆರೆಹಿಡಿದ ಮೇಲೆ, ಕೆಳಗಿನ ಬಂಡೆಯನ್ನೂ ಒಂದು ನಿಮಿಷ ಅಲುಗಾಡದೆ ಚಿತ್ರಿಸಿ, ಜಾಗವನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ; ಮರುವರ್ಷ ಹೋದಾಗ ಅದೇ ಬಂಡೆಯನ್ನು ಹುಡುಕಲಿ. ಇಂದು ಆ ಚಿತ್ರಕ್ಕೆ ಬೆಲೆ ಕಾಣದೆ ಹೋಗಬಹುದು. ಅವರ ಮಕ್ಕಳು ಆ ನೀರಿಗೆ ಇಳಿಯುವ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದು.